ಲೆಕ್ಕದ ಪೆಟ್ಟಿಗೆ

ನಮ್ಮ ಸಂಘದ ಮಹಡಿಯ ಕೊಠಡಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡುವ ಪದ್ಧತಿ ಬಹಳ ಕಾಲದಿಂದ ನಡೆದುಬಂದಿದೆ. ಅಲ್ಲಿಗೆ ಕಾಗುಣಿತ ಕಲಿಯಲು ಬಂದ ಹುಡುಗನೊಬ್ಬನಿಂದಾಗಿ ನಾವು ಕೆಲವರು ಲೆಕ್ಕದ ಕೆಲಸಕ್ಕೆ ಇಳಿಯಬೇಕಾಯಿತು. ನಮ್ಮಲ್ಲಿ ಯಾರೂ ಗಣಿತದಲ್ಲಿ ಪಂಡಿತರಲ್ಲ. ಇಬ್ಬರು ಗೃಹಿಣಿಯರು, ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಮತ್ತೊಬ್ಬರು ಹೊಲಿಗೆ ಬಲ್ಲವರು. ಇಷ್ಟೇ ನಮ್ಮ ಬಂಡವಾಳ.

ಹುಡುಗನ ನಿಜವಾದ ಹೆಸರು ಬೇಡ. ಪುಟ್ಟು ಎಂದು ಕರೆಯೋಣ. ನಾಲ್ಕನೆಯ ತರಗತಿ. ಆ ದಿನ ಪುಸ್ತಕದ ನೂರ ಏಳನೆಯ ಪುಟ ತೆಗೆಯಿರಿ ಎಂದೆವು. ಮಿಕ್ಕ ಮಕ್ಕಳು ಪುಟ ತೆರೆದರು. ಪುಟ್ಟು ಹಾಳೆ ತಿರುವುತ್ತಲೇ ಇದ್ದ. ಸಂಖ್ಯೆಯನ್ನು ಸ್ಲೇಟಿನ ಮೇಲೆ ಬರೆದು ತೋರಿಸು ಎಂದಾಗ 1007 ಎಂದು ಬರೆದ. ನೂರು, ಅದರ ಪಕ್ಕಕ್ಕೆ ಏಳು. ಅವನ ಮಟ್ಟಿಗೆ ಅದೇ ಸರಿ.

ಕರೆದುಕೊಂಡು ಹೋಗಲು ಬಂದ ಅಜ್ಜಿ ಬಾಗಿಲಲ್ಲೇ ನಿಂತು ಹೇಳಿದರು: “ಲೆಕ್ಕದ ಪರೀಕ್ಷೆ ಇದ್ದ ದಿನ ಹೊಟ್ಟೆನೋವು ಅಂತ ಮಲಗಿಬಿಡ್ತಾನಮ್ಮ. ವಾರಕ್ಕೆ ಎರಡು ದಿನ ಟ್ಯೂಷನ್‌ಗೆ ಬೇರೆ ಹಾಕಿದಾರೆ. ಈ ವರ್ಷವೂ ಹೀಗೇ ಆದರೆ ಬೇರೆ ಶಾಲೆ ನೋಡಿಕೊಳ್ಳಿ ಅಂತ ಅವರಪ್ಪನ್ನ ಕರೆಸಿ ಹೇಳಿದಾರಂತೆ.” ಆಕೆಯ ಸ್ವರದಲ್ಲಿ ದೂರಿಗಿಂತ ಭಯವೇ ಹೆಚ್ಚಾಗಿತ್ತು. ಹುಡುಗ ಚಪ್ಪಲಿ ಮೆಟ್ಟಿಕೊಳ್ಳುತ್ತ ಕೇಳಿಸದವನಂತೆ ತಲೆ ತಗ್ಗಿಸಿಕೊಂಡಿದ್ದ.

ಮುಂದಿನ ವಾರ ಅವನಿಗೆ ಒಂದೇ ಒಂದು ಲೆಕ್ಕ ಕೊಟ್ಟೆವು. 52ರಲ್ಲಿ 27 ಕಳೆದರೆ ಎಷ್ಟು? ಅವನು ಬರೆದದ್ದು 35. ಹೇಗೆ ಬಂತು ಎಂದು ಕೇಳಿದೆವು. “ದೊಡ್ಡದರಿಂದ ಚಿಕ್ಕದನ್ನು ಕಳೀಬೇಕು ಅಂತ ಮಿಸ್ ಹೇಳಿದಾರೆ. ಏಳರಲ್ಲಿ ಎರಡು ಹೋದರೆ ಐದು. ಐದರಲ್ಲಿ ಎರಡು ಹೋದರೆ ಮೂರು.” ನೋಡಿ, ಹುಡುಗ ದಡ್ಡನಲ್ಲ. ಹೇಳಿಕೊಟ್ಟ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ. ಆದರೆ ಅವನ ಪಾಲಿಗೆ ಐವತ್ತೆರಡು ಎಂಬುದು ಐದು ಹತ್ತು ಮತ್ತು ಎರಡು ಬಿಡಿ ಅಲ್ಲ. ಪಕ್ಕಪಕ್ಕದಲ್ಲಿ ನಿಂತ ಎರಡು ಅಂಕಿ, ಅಷ್ಟೇ. ಟ್ಯೂಷನ್ನಿನಲ್ಲಿ ಇಂಥವೇ ಇನ್ನೂ ಐವತ್ತು ಲೆಕ್ಕ ಮಾಡಿಸಿದರೆ ಅದೇ ತಪ್ಪನ್ನು ಐವತ್ತು ಸಲ ಅಭ್ಯಾಸ ಮಾಡಿದಂತಾಯಿತು.

ಇದು ಒಬ್ಬ ಹುಡುಗನ ಪಾಡಲ್ಲ. ‘ಅಸರ್’ ಎಂಬ ಸಮೀಕ್ಷೆಯವರು ನಾಡಿನ ಹಳ್ಳಿಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತಾರೆ. ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು 2022ರಲ್ಲಿ ನೂರಕ್ಕೆ ಸುಮಾರು 26; 2024ರಲ್ಲಿ ಸುಮಾರು 31. ಪಟ್ಟಣದ ಶಾಲೆಗೆ ಹಣ ಕಟ್ಟಿದ ಮಾತ್ರಕ್ಕೆ ನಮ್ಮ ಮಕ್ಕಳು ಇದರಿಂದ ಪಾರಾದರೆಂದು ತಿಳಿಯಬೇಕಾಗಿಲ್ಲ.

ಸರಿ, ಒಂದು ಪೆಟ್ಟಿಗೆ ಮಾಡೋಣ ಎಂದು ನಿಶ್ಚಯಿಸಿದೆವು. ಮೊದಲ ಯತ್ನ ನಗೆಪಾಟಲಾಯಿತೆಂದು ಒಪ್ಪಿಕೊಳ್ಳುವುದೇ ಒಳ್ಳೆಯದು. ಅಂಗಡಿಗೆ ಹೋಗಿ ಬಣ್ಣಬಣ್ಣದ ಪ್ಲಾಸ್ಟಿಕ್ ಸಾಮಾನು ತುಂಬಿದ ದುಬಾರಿ ಪೆಟ್ಟಿಗೆಯೊಂದನ್ನು ಕೊಂಡುತಂದೆವು. ಮಕ್ಕಳು ಅದರಲ್ಲಿ ಮನೆ ಕಟ್ಟಿದರು, ರೈಲು ಮಾಡಿದರು, ಒಬ್ಬರಿಗೊಬ್ಬರು ಎಸೆದಾಡಿದರು. ನಾವು ಮುಂದೆ ನಿಂತು ಬಿಲ್ಲೆಗಳನ್ನು ಎತ್ತಿ ತೋರಿಸಿ ಪ್ರವಚನ ಮಾಡಿದೆವು. ಒಂದು ತಿಂಗಳಲ್ಲಿ ಅರ್ಧ ಸಾಮಾನು ಕಾಣೆ; ಪುಟ್ಟುವಿನ 35 ಮಾತ್ರ 35ಆಗಿಯೇ ಉಳಿದಿತ್ತು.

ಆಗ ನಮಗೆ, ಇದೇ ಊರಿನಲ್ಲಿ ನಮಗಿಂತ ಮೊದಲು ಈ ದಾರಿ ತುಳಿದವರು ಯಾರಾದರೂ ಇರಬೇಕಲ್ಲ ಎನ್ನಿಸಿತು. ಹುಡುಕಿದರೆ, ಇದ್ದರು. ಮುತ್ಯಾಲಪೇಟೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ಪಿ. ಕೆ. ಶ್ರೀನಿವಾಸನ್ ಅವರ ಹೆಸರನ್ನು ಚೆನ್ನೈಯ ಹಳಬರು ಇಂದಿಗೂ ಗೌರವದಿಂದ ನೆನೆಯುತ್ತಾರೆ. 1924ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಆ ಮಹನೀಯರು ಮಡಿಸಿದ ಕಾಗದ, ಹಳೆಯ ಕ್ಯಾಲೆಂಡರು ಮೊದಲಾದ ಬಿಡಿಗಾಸಿನ ಸಾಮಾನಿನಿಂದಲೇ ಮಕ್ಕಳಿಗೆ ಗಣಿತದ ರುಚಿ ಹತ್ತಿಸಿದರು. ರಾಮಾನುಜನ್ನರ ಪತ್ರಗಳನ್ನೂ ಬಲ್ಲವರ ನೆನಪುಗಳನ್ನೂ ಕೂಡಿಹಾಕಿ ಪುಸ್ತಕ ಮಾಡಿದವರೂ ಇವರೇ. 1993ರಲ್ಲಿ ರಾಯಪುರದಲ್ಲಿ ರಾಮಾನುಜನ್ ಹೆಸರಿನ ವಸ್ತುಸಂಗ್ರಹಾಲಯವೂ ಗಣಿತ ಶಿಕ್ಷಣ ಕೇಂದ್ರವೂ ಆದದ್ದು ಇವರ ಶ್ರಮದಿಂದ.

ಇನ್ನೂ ಹಿಂದಕ್ಕೆ ಹೋದರೆ ಅಡಯಾರು. ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮಗನೊಡನೆ ಅಲ್ಲಿನ ಥಿಯಾಸಾಫಿಕಲ್ ಸೊಸೈಟಿಗೆ ಬಂದರು. ಬಂದದ್ದು ಉಪಾಧ್ಯಾಯರಿಗೆ ತರಬೇತಿ ಕೊಟ್ಟು ಹಿಂದಿರುಗಲು. ಯುದ್ಧದ ದೆಸೆಯಿಂದ 1946ರವರೆಗೂ ಭಾರತದಲ್ಲೇ ಉಳಿಯಬೇಕಾಯಿತು. ಆಕೆಯ ಪದ್ಧತಿಯ ಚಿನ್ನದ ಬಣ್ಣದ ಮಣಿಗಳನ್ನು ನೋಡಿದವರು ಮರೆಯಲಾರರು. ಒಂದು ಬಿಡಿ ಮಣಿ. ಹತ್ತು ಮಣಿ ಪೋಣಿಸಿದ ಒಂದು ಕಡ್ಡಿ. ಅಂಥ ಹತ್ತು ಕಡ್ಡಿ ಸೇರಿದ ಒಂದು ಚೌಕ, ಅದು ನೂರು. ಹತ್ತು ಚೌಕ ಪೇರಿಸಿದ ಒಂದು ಘನ, ಅದು ಸಾವಿರ. ಸಾವಿರವನ್ನು ಮಗು ಎರಡು ಕೈಯಲ್ಲಿ ಎತ್ತಿ ಅದರ ಭಾರ ಕಾಣುತ್ತದೆ.

2003ರಲ್ಲಿ ಚೆನ್ನೈ ಕಾರ್ಪೊರೇಷನ್ನಿನ 13 ಶಾಲೆಗಳಲ್ಲಿ ಚಟುವಟಿಕೆಯಿಂದ ಕಲಿಯುವ ಪದ್ಧತಿ ಆರಂಭವಾಗಿ ಮುಂದೆ ತಮಿಳುನಾಡಿನಾದ್ಯಂತ ಹರಡಿತು. ಅದರ ಬೇರು ಮದನಪಲ್ಲಿ ಬಳಿಯ ಋಷಿವ್ಯಾಲಿಯಲ್ಲಿ. ಅದೇ ಬೇರಿನಿಂದ ನಮ್ಮ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ‘ನಲಿ-ಕಲಿ’ ಚಿಗುರಿತು. ಊರಿನಲ್ಲಿರುವ ಬಂಧುಗಳ ಮಕ್ಕಳನ್ನು ಕೇಳಿದರೆ ‘ಗಣಿತ ಕಲಿಕಾ ಆಂದೋಲನ’ದ ಪೆಟ್ಟಿಗೆಯ ಮಾತನ್ನೂ ಹೇಳಿಯಾರು. ಬೆಂಗಳೂರಿನ ಅಕ್ಷರ ಫೌಂಡೇಷನ್ನಿನವರು ಸರ್ಕಾರದೊಡನೆ ಕೂಡಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಕೊಟ್ಟ ಪೆಟ್ಟಿಗೆ ಅದು. ಮಣಿಚೌಕಟ್ಟು, ಗಡಿಯಾರ, ಆಟದ ನೋಟು, ದಾಳ, ಸ್ಥಾನಬೆಲೆಯ ಪಟ್ಟಿ ಎಲ್ಲ ಅದರಲ್ಲಿ ಇವೆ. ಮೊದಲು ವಸ್ತು, ಆಮೇಲೆ ಚಿತ್ರ, ಕಟ್ಟಕಡೆಗೆ ಅಂಕಿ ಎಂಬುದು ಅವರ ಕ್ರಮ. ನಮ್ಮ ಪ್ಲಾಸ್ಟಿಕ್ ಪೆಟ್ಟಿಗೆ ಏಕೆ ಸೋತಿತೆಂಬುದು ಇದನ್ನು ಓದಿದಾಗ ತಿಳಿಯಿತು. ಸಾಮಾನು ನಮ್ಮ ಕೈಯಲ್ಲಿತ್ತು, ಮಕ್ಕಳ ಕೈಯಲ್ಲಿರಲಿಲ್ಲ. ಅವರ ಕೈಗೆ ಬಂದಾಗ ಮಾಡಲು ಕೆಲಸವಿರಲಿಲ್ಲ.

ಎರಡನೆಯ ಪೆಟ್ಟಿಗೆಗೆ ಸಾಮಾನು ಮನೆಗಳಿಂದಲೇ ಬಂತು. ಪೆಟ್ಟಿಗೆಯೆಂದರೆ ಬಿಸ್ಕತ್ತಿನ ತಗಡಿನ ಡಬ್ಬ.

ಮೊದಲನೆಯದಾಗಿ ಕಡ್ಡಿ. ತೆಂಗಿನಗರಿಯ ಹೊಸ ಪೊರಕೆಯೊಂದನ್ನು ಬಿಚ್ಚಿ, ಬೆರಳುದ್ದಕ್ಕೆ ಮುರಿದು, ಚೂಪು ತುದಿಗಳನ್ನು ಕತ್ತರಿಸಿ ಇನ್ನೂರು ಕಡ್ಡಿ ಮಾಡಿದೆವು. ಜೊತೆಗೆ ಒಂದು ಹಿಡಿ ರಬ್ಬರ್ ಬ್ಯಾಂಡು. ಕಟ್ಟುಗಳನ್ನು ನಾವು ಕಟ್ಟಿಡಲಿಲ್ಲ; ಇದು ಮುಖ್ಯ. ಹತ್ತು ಕಡ್ಡಿ ಎಣಿಸಿ ಕಟ್ಟುವ ಕೆಲಸ ಮಗುವಿನದು. ಒಂಬತ್ತು ಕಟ್ಟಿದರೆ ಮುಂದೆ ಎಲ್ಲೋ ಲೆಕ್ಕ ಕೆಡುತ್ತದೆ, ಆಗ ಮತ್ತೆ ಬಿಚ್ಚಿ ಎಣಿಸುತ್ತಾನೆ. ಹತ್ತು ಕಟ್ಟುಗಳನ್ನು ಸೇರಿಸಿ ದಪ್ಪ ಬ್ಯಾಂಡು ಹಾಕಿದರೆ ನೂರು. ಎರಡು ಭಾನುವಾರ ಪುಟ್ಟು ಇದೊಂದನ್ನೇ ಮಾಡಿದ. ಅವನ ತಾಯಿ ಬಂದು ನೋಡಿ, “ಇಷ್ಟೇನಾ ಮಾಮಿ?” ಎಂದು ಕೇಳಿದ್ದೂ ಉಂಟು. ಕೇಳಿದ್ದು ತಪ್ಪಲ್ಲ. ನಾಲ್ಕನೆಯ ತರಗತಿಯ ಹುಡುಗ ಕಡ್ಡಿ ಕಟ್ಟುತ್ತ ಕೂತರೆ ಯಾವ ತಾಯಿಗೆ ಸಮಾಧಾನವಾದೀತು?

ಎರಡನೆಯದು ಅಂಕಿಯ ಪಟ್ಟಿ. ಆಂಡರ್ಸನ್ ಬೀದಿಯಿಂದ ರಟ್ಟು ತರಲು ಹೊರಟಿದ್ದೆವು; ನಮ್ಮಲ್ಲೊಬ್ಬರು ತಡೆದು, ಬೀರುವಿನಿಂದ ಒಂದು ಕಟ್ಟು ಹಳೆಯ ಲಗ್ನಪತ್ರಿಕೆಗಳನ್ನು ತಂದು ಹಾಕಿದರು. ಮದುವೆಯ ಕಾಗದಕ್ಕಿಂತ ಗಟ್ಟಿಯಾದ ಕಾಗದ ಇನ್ನೆಲ್ಲಿ! ಹಿಂಬದಿಯಲ್ಲಿ 1ರಿಂದ 9 ಬರೆದ ಚಿಕ್ಕ ಪಟ್ಟಿ. 10ರಿಂದ 90ರವರೆಗಿನ ಹತ್ತುಗಳಿಗೆ ಅದರ ಎರಡರಷ್ಟು ಅಗಲ. 100ರಿಂದ 900ರವರೆಗೆ ಮೂರರಷ್ಟು. 100ರ ಪಟ್ಟಿಯ ಮೇಲೆ ಬಲತುದಿಗೆ ಸರಿಯಾಗಿ 7ರ ಪಟ್ಟಿಯನ್ನಿಟ್ಟರೆ ಕೊನೆಯ ಸೊನ್ನೆ ಮುಚ್ಚಿ 107 ಆಗುತ್ತದೆ. ಪಟ್ಟಿಯನ್ನು ಎತ್ತಿದರೆ ಅಡಗಿದ್ದ ಸೊನ್ನೆ ಮತ್ತೆ ಕಾಣುತ್ತದೆ. 1007 ಬರೆದ ಹುಡುಗ ಈ ಪಟ್ಟಿಯನ್ನು ಎತ್ತುವುದು, ಇಡುವುದು, ಎತ್ತುವುದು, ಇಡುವುದು, ಹೀಗೆ ಎಷ್ಟೋ ಹೊತ್ತು ಆಡಿದ. ನಾವು ಏನೂ ಹೇಳಲಿಲ್ಲ.

ಆ ಮೂರನೆಯ ಭಾನುವಾರ 52 ಮತ್ತು 27 ಮತ್ತೆ ಬಂದವು. ಐದು ಕಟ್ಟು, ಎರಡು ಬಿಡಿ ಕಡ್ಡಿ ಅವನ ಮುಂದೆ. ಇಪ್ಪತ್ತೇಳು ಕಡ್ಡಿ ನಮಗೆ ಕೊಡು ಎಂದೆವು. ಎರಡು ಕಟ್ಟು ಕೊಟ್ಟ. ಏಳು ಬಿಡಿ ಕೊಡಬೇಕು, ಇರುವುದು ಎರಡೇ. ಆ ಎರಡನ್ನೇ ಕೈಯಲ್ಲಿ ಹಿಡಿದು ಕೂತ. ಹೇಳಿಕೊಡಬೇಕೆಂದು ನಮ್ಮ ನಾಲಿಗೆ ತುರಿಸುತ್ತಿತ್ತು. ಬ್ಯಾಂಕಿನ ಮಾವ ಒಬ್ಬರು ಕೆಮ್ಮಿಯೂ ಬಿಟ್ಟರು. ಕೊನೆಗೆ ಹುಡುಗ ತಲೆಯೆತ್ತಿ, “ಮಾಮಿ, ಒಂದು ಕಟ್ಟು ಬಿಚ್ಚಲಾ?” ಎಂದ.

ಬಿಚ್ಚಿದ. ಹನ್ನೆರಡು ಬಿಡಿಯಾದವು, ಏಳು ಕೊಟ್ಟ, ಐದು ಉಳಿಯಿತು, ಕಟ್ಟು ಎರಡು ಉಳಿದವು. “ಇಪ್ಪತ್ತೈದು,” ಎಂದ. “ಸ್ಕೂಲಲ್ಲಿ ಸಾಲ ತಗೋಬೇಕು ಅಂತಾರಲ್ಲ, ಅದು ಇದೇನಾ?” ಇದೇ. ಆದರೆ ಇದನ್ನು ಸಾಲವೆನ್ನುವುದು ನಮಗಂತೂ ಸರಿಕಾಣದು. ತೆಗೆದುಕೊಂಡದ್ದನ್ನು ಹಿಂದಿರುಗಿಸುವ ಮಾತೇ ಇಲ್ಲವಲ್ಲ! ಕಟ್ಟು ಬಿಚ್ಚುವುದು ಎಂದರೆ ಮಗುವಿಗೆ ನಡೆದ ಸಂಗತಿಯೇ ಹೆಸರಾಗುತ್ತದೆ.

ಇಲ್ಲೊಂದು ಮಾತು ಹೊರನಾಡಿನ ನಮ್ಮಂಥವರಿಗೆ ವಿಶೇಷವಾದುದು. ನಮ್ಮ ಮಕ್ಕಳು ಸಂಖ್ಯೆಗಳನ್ನು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕೇಳುತ್ತಾರೆ, ಬೀದಿಯಲ್ಲಿ ತಮಿಳಿನಲ್ಲಿ, ಮನೆಯಲ್ಲಿ ಕನ್ನಡದಲ್ಲಿ. ಇದರಿಂದಲೇ ಗಲಿಬಿಲಿ, ಮನೆಯಲ್ಲೂ ಇಂಗ್ಲಿಷಿನಲ್ಲೇ ಎಣಿಸಿ ಎಂದು ಸಲಹೆ ಕೊಡುವವರುಂಟು. ನಾವು ಒಪ್ಪುವುದಿಲ್ಲ. ‘ಫೋರ್ಟೀನ್’ ಎಂಬಲ್ಲಿ ನಾಲ್ಕು ಮೊದಲು ಕೇಳಿಸುತ್ತದೆ, ಆದ್ದರಿಂದ ಎಷ್ಟೋ ಮಕ್ಕಳು 41 ಎಂದು ಬರೆದುಬಿಡುತ್ತಾರೆ. ‘ಹದಿನಾಲ್ಕು’ ಎಂಬಲ್ಲಿ ಹತ್ತು ಮೊದಲು, ನಾಲ್ಕು ಆಮೇಲೆ; ಬರೆಯುವುದೂ ಹಾಗೆಯೇ. ‘ಇಲೆವೆನ್’ ಎಂಬ ಮಾತಿನಲ್ಲಿ ಇಂದಿನ ಕಿವಿಗೆ ಹತ್ತೂ ಕೇಳಿಸದು, ಒಂದೂ ಕೇಳಿಸದು. ‘ಹನ್ನೊಂದು’ ಎಂಬಲ್ಲಿ ಒಂದು ಸ್ಪಷ್ಟವಾಗಿದೆ. ಹತ್ತಕ್ಕೆ ಹಳಗನ್ನಡದಲ್ಲಿ ಪತ್ತು. ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು: ಎಲ್ಲವುಗಳ ಬಾಲದಲ್ಲೂ ಆ ಹತ್ತು ಕೂತಿದೆ. ಎರಡು ಹತ್ತು, ಮೂರು ಹತ್ತು, ನಾಲ್ಕು ಹತ್ತು ಎಂದು ಭಾಷೆಯೇ ಕಟ್ಟು ಕಟ್ಟಿಕೊಟ್ಟಿದೆ. ಕಡ್ಡಿಯ ಕಟ್ಟನ್ನು ಎತ್ತಿಡುತ್ತ ಈ ಹೆಸರುಗಳನ್ನು ಬಿಡಿಸಿ ಹೇಳಿದರೆ ಮಕ್ಕಳು ಒಗಟು ಒಡೆದವರಂತೆ ಹಿಗ್ಗುತ್ತಾರೆ.

ತಮಿಳೂ ಇದೇ ಕುಲದ್ದು. ಆದರೆ ಒಂದೆರಡು ಕಡೆ ನಮ್ಮವರಿಗೆ ಎಡವು ಉಂಟು. ತೊಂಬತ್ತಕ್ಕೆ ತಮಿಳಿನಲ್ಲಿ ‘ತೊಣ್ಣೂರು’, ಒಂಬೈನೂರಕ್ಕೆ ‘ತೊಳ್ಳಾಯಿರಂ’. ಪುಟ್ಟುವಿನ ಅಜ್ಜಿ ಹಾಸನದ ಕಡೆಯಿಂದ ಹೊಸದಾಗಿ ಬಂದಾಗ, ಮಾರುಕಟ್ಟೆಯಲ್ಲಿ ಹೂವಿನವಳು ‘ತೊಣ್ಣೂರು’ ಎಂದದ್ದನ್ನು ಕೇಳಿ, ನೂರುಗಳ ಮಾತೆಂದು ಹೆದರಿ ಬರಿಗೈಯಲ್ಲಿ ಹಿಂದಿರುಗಿದರಂತೆ. ಇದನ್ನು ಆಕೆಯೇ ನಕ್ಕು ಹೇಳಿದಾಗ ಪುಟ್ಟುವಿಗಾದ ಸಂತೋಷ ಅಷ್ಟಿಷ್ಟಲ್ಲ. ಲೆಕ್ಕದಲ್ಲಿ ತಪ್ಪುವವನು ತಾನೊಬ್ಬನೇ ಅಲ್ಲ!

ಅಂದಿನಿಂದ ಅಜ್ಜಿ ನಮ್ಮ ಕೊಠಡಿಯ ಖಾಯಂ ಉಪಾಧ್ಯಾಯಿನಿ. ಭಿನ್ನರಾಶಿಗೆ ಆಕೆ ತಂದದ್ದು ಒಂದು ಸೀರೆಯ ತುಂಡಿನಲ್ಲಿ ಸುತ್ತಿದ ಹಿತ್ತಾಳೆಯ ಅಳತೆಗಳು: ಚಟಾಕು, ಅರೆಪಾವು, ಪಾವು, ಅಚ್ಚೇರು, ಸೇರು. ಮೆಟ್ರಿಕ್ ಅಳತೆಯ ಕಾಯಿದೆ 1956ರಲ್ಲಿ ಬಂದ ಮೇಲೆ ಇವು ಅಂಗಡಿಯಿಂದ ಅಟ್ಟಕ್ಕೆ ಹೋದವು. ಆದರೆ ಇವುಗಳ ಸೊಗಸು ನೋಡಿ: ಒಂದೊಂದೂ ಹಿಂದಿನದರ ಎರಡರಷ್ಟು. ಹದಿನಾರು ಚಟಾಕಿಗೆ ಒಂದು ಸೇರು. ಅಕ್ಕಿ ತುಂಬಿ ಸುರಿದು, ತುಂಬಿ ಸುರಿದು, ಪಾವೆಂದರೆ ಸೇರಿನ ಕಾಲು, ಅಚ್ಚೇರೆಂದರೆ ಅರ್ಧ ಎಂದು ಮಕ್ಕಳೇ ಕಂಡುಕೊಂಡರು. ನಾಲ್ಕು ಎಂಟಕ್ಕಿಂತ ಚಿಕ್ಕದು, ಆದರೂ ನಾಲ್ಕರಲ್ಲೊಂದು ಪಾಲು ಎಂಟರಲ್ಲೊಂದು ಪಾಲಿಗಿಂತ ದೊಡ್ಡದು. ಕರಿಹಲಗೆಯ ಮೇಲೆ ಹೇಳಿದರೆ ವಾದಕ್ಕೆ ಬರುವ ಮಕ್ಕಳು ಅಕ್ಕಿಯೊಡನೆ ವಾದ ಮಾಡಲಿಲ್ಲ. ಕಾಲು, ಅರೆ, ಮುಕ್ಕಾಲು ಎಂಬ ಮಾತುಗಳಂತೂ ತಮಿಳಿಗೂ ನಮಗೂ ಒಂದೇ. ಹದಿನಾರರಲ್ಲೊಂದು ಪಾಲಿಗೆ ನಾವು ವೀಸ ಎಂದರೆ ಅವರು ವೀಸಂ ಎನ್ನುತ್ತಿದ್ದರು. ಪಕ್ಕದ ಮನೆಯ ತಮಿಳು ಹುಡುಗಿಯೊಬ್ಬಳು ಆಟ ನೋಡಲು ಬಂದವಳು ಈಗ ಪ್ರತಿ ವಾರ ಬರುತ್ತಾಳೆ.

ಅಳತೆ ಇಲ್ಲದವರು ಕಾಗದದ ಪಟ್ಟಿಗಳನ್ನು ಮಾಡಿಕೊಳ್ಳಬಹುದು. ಹೊಲಿಗೆ ಬಲ್ಲ ನಮ್ಮ ಗೆಳತಿ ಟೇಪು ಹಿಡಿದು 24 ಸೆಂಟಿಮೀಟರಿನ ಪಟ್ಟಿ ಮಾಡೋಣವೆಂದರು. ಇಪ್ಪತ್ತನಾಲ್ಕೇ ಏಕೆ? ಅದರ ಅರ್ಧ 12, ಮೂರನೆಯ ಒಂದು ಪಾಲು 8, ಕಾಲು 6, ಆರನೆಯ ಒಂದು ಪಾಲು 4, ಎಂಟನೆಯದು 3. ಎಲ್ಲಿಯೂ ಮುರುಕಿಲ್ಲ. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಿದರೆ ಐದನೆಯ ಎರಡು ಎಂದು ಬರೆಯುವ ಮಕ್ಕಳು ಎಷ್ಟೋ ಮಂದಿ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡುತ್ತಾರೆ. 12ರ ಪಟ್ಟಿ, 8ರ ಪಟ್ಟಿ ಉದ್ದಕ್ಕೆ ಜೋಡಿಸಿದರೆ 20. ಅದರ ಕೆಳಗೆ 4ರ ಪಟ್ಟಿಗಳು ಐದು ಹಿಡಿಸುತ್ತವೆ. ಅಂದರೆ ಆರನೆಯ ಐದು. ಐದನೆಯ ಎರಡೆಂದರೆ ಅರ್ಧಕ್ಕಿಂತಲೂ ಕಡಮೆ. ಕೂಡಿಸಿದ್ದು ಕಡಮೆಯಾಗುವುದುಂಟೆ ಎಂದು ಅವರೇ ನಗುತ್ತಾರೆ.

ಉಳಿದವನ್ನು ಬೇಗ ಹೇಳಿಬಿಡುತ್ತೇವೆ. ಹತ್ತು ಕೆಂಪು, ಹತ್ತು ಬಿಳಿ ಎಂದು ಪೋಣಿಸಿದ ನೂರು ಮಣಿಯ ಸರ. ದಿಲ್ಲಿಯ ಜೋಡೋ ಜ್ಞಾನ್ ಸಂಸ್ಥೆಯವರು ಇದನ್ನು ‘ಗಣಿತಮಾಲಾ’ ಎಂದು ಹೆಸರಿಟ್ಟು ಬಳಕೆಗೆ ತಂದಿದ್ದಾರೆ. ನಲವತ್ತೇಳನೆಯ ಮಣಿಯ ಮುಂದೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದರೆ ಐವತ್ತಕ್ಕೆ ಎಷ್ಟು ದೂರವೆಂದು ಕಣ್ಣಿಗೇ ಕಾಣುತ್ತದೆ. ಒಂದು ಅಳಗುಳಿಮಣೆ, ಜೊತೆಗೆ ಹುಣಸೆಬೀಜ. ತಮಿಳರ ಪಲ್ಲಾಂಗುಳಿಯೂ ಇದೇ. ಒಂದು ಸಾಲಿನ ಏಳು ಗುಳಿಗೆ ಮೂವತ್ತು ಬೀಜ ಹಂಚಿದರೆ ಗುಳಿಗೆ ನಾಲ್ಕು, ಕೈಯಲ್ಲಿ ಎರಡು. ಭಾಗಲಬ್ಧ, ಶೇಷ ಎಂಬ ದೊಡ್ಡ ಹೆಸರುಗಳು ಆಮೇಲೆ ಬರಲಿ. ಕಳೆದ ತಿಂಗಳ ಕ್ಯಾಲೆಂಡರಿನ ಹಾಳೆ: ಅದರಲ್ಲಿ ಯಾವುದೇ ಮೂರು ಸಾಲಿನ ಒಂಬತ್ತು ಮನೆಯ ಚೌಕ ಹಾಕಿ ಕೂಡಿದರೆ ನಡುವಿನ ಸಂಖ್ಯೆಯ ಒಂಬತ್ತರಷ್ಟು ಬರುತ್ತದೆ. 8, 9, 10, 15, 16, 17, 22, 23, 24 ಕೂಡಿ ನೋಡಿ: 144. ಇದನ್ನು ಕಲಿತ ದಿನ ಪುಟ್ಟು ಮನೆಯವರನ್ನೆಲ್ಲ ಪರೀಕ್ಷೆ ಮಾಡಿದನಂತೆ. ಮತ್ತೆ ಸ್ಲೇಟು. ನೋಟುಬುಕ್ಕಿನ ಮೇಲಿನ ಕೆಂಪು ಗೆರೆ ವರ್ಷವಿಡೀ ಉಳಿಯುತ್ತದೆ. ಸ್ಲೇಟಿನ ತಪ್ಪು ಅಂಗೈಗೆ ಹೋಗುತ್ತದೆ.

ಬಾಯಿಲೆಕ್ಕದ ಕಥೆಗಳನ್ನು ಹುಡುಕುವಾಗ ನಮಗೊಂದು ಹೆಮ್ಮೆಯ ಸಂಗತಿ ಸಿಕ್ಕಿತು. ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದವರು ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರು, 1912ರಲ್ಲಿ ಮದರಾಸು ಸರ್ಕಾರ ಪ್ರಕಟಿಸಿತು. ಹಣ್ಣು, ಹೂ, ದುಂಬಿ, ಆನೆಗಳ ಲೆಕ್ಕ ಅದರಲ್ಲಿ ಹೇರಳ. ಗ್ರಂಥ ಸಂಸ್ಕೃತದಲ್ಲಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನಾದರೋ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಕನ್ನಡದಲ್ಲಿ ಲೆಕ್ಕ ಹೇಳಿಕೊಡಲು ನಮಗಿದ್ದ ಸಣ್ಣ ಸಂಕೋಚವೂ ಅಲ್ಲಿಗೆ ಹೋಯಿತು.

ಪೆಟ್ಟಿಗೆಯನ್ನು ಮನೆಯಲ್ಲಿ ಮಾಡುವವರಿಗೆ ಅನುಭವದಿಂದ ಹೇಳುವ ಎರಡು ಮಾತು. ಎಲ್ಲವನ್ನೂ ಒಂದೇ ದಿನ ಸುರಿಯಬೇಡಿ. ಒಂದು ಸಲಕ್ಕೆ ಒಂದೇ ಸಾಮಾನು, ಅದೂ ಇಪ್ಪತ್ತು ನಿಮಿಷ. ಮತ್ತು ಕಡ್ಡಿಯಿಂದ ಉತ್ತರ ಬಂದ ಕೂಡಲೇ ಪಕ್ಕದಲ್ಲಿ ಅಂಕಿಯಿಂದಲೂ ಬರೆಸಿ. ಇದನ್ನು ಮರೆತು ನಾವು ಒಂದು ತಿಂಗಳು ಕಳೆದುಕೊಂಡೆವು. ಕಡ್ಡಿಯ ಲೆಕ್ಕ ಬೇರೆ, ಪುಸ್ತಕದ ಲೆಕ್ಕ ಬೇರೆ ಎಂದು ಮಕ್ಕಳು ತಿಳಿದುಬಿಟ್ಟಿದ್ದರು. ಕೆಲವು ವಾರ ಕಳೆದ ಮೇಲೆ ಮಗು ತಾನಾಗಿಯೇ ಕಡ್ಡಿಯನ್ನು ಪಕ್ಕಕ್ಕೆ ಸರಿಸುತ್ತದೆ. ಸರಿಸುವವರೆಗೆ ಕಿತ್ತುಕೊಳ್ಳಬಾರದು, ನಾಚಿಕೆಪಡಿಸಲೂ ಬಾರದು.

ಪುಟ್ಟುವಿನ ವಿಷಯ ಓದುಗರು ಕೇಳಿಯೇ ಕೇಳುತ್ತಾರೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನಿಗೆ ನೂರಕ್ಕೆ 46 ಬಂತು. ಮೊದಲು ಬಂದದ್ದು 19. ಭಾಗಾಕಾರ ಇನ್ನೂ ಕಷ್ಟ. ಏಳರ ಮಗ್ಗಿ ಬಾಯಿಗೆ ಬಂದಿಲ್ಲ. ಶಾಲೆ ಬದಲಿಸುವ ಮಾತನ್ನು ಸದ್ಯಕ್ಕೆ ಯಾರೂ ಎತ್ತಿಲ್ಲ. ಮಾರ್ಚಿಯ ಪರೀಕ್ಷೆ ಮುಂದಿದೆ. ಆದರೆ ಅರ್ಧವಾರ್ಷಿಕದ ಲೆಕ್ಕದ ದಿನ ಹೊಟ್ಟೆನೋವು ಬರಲಿಲ್ಲವೆಂದು ಅಜ್ಜಿ ಫೋನು ಮಾಡಿ ಹೇಳಿದರು. ಟ್ಯೂಷನ್ನು ಬಿಡಿಸಿದ್ದಾರೆ.

ಈಗ ಇನ್ನೂ ಆರು ಮಕ್ಕಳಿಗೆ ಪೆಟ್ಟಿಗೆ ಬೇಕಾಗಿದೆ. ಬಿಸ್ಕತ್ತಿನ ಡಬ್ಬ, ಮಣಿ, ಹುಣಸೆಬೀಜ ಒದಗಿವೆ. ಮುಂದಿನ ಮದುವೆಯ ಋತುವಿನಲ್ಲಿ ತಮ್ಮ ಮನೆಗೆ ಬಂದ ಲಗ್ನಪತ್ರಿಕೆಗಳನ್ನು, ಮದುವೆ ಮುಗಿದ ಮೇಲೆ, ಓದುಗರು ಎಸೆಯದೆ ಭಾನುವಾರ ಹತ್ತು ಗಂಟೆಯೊಳಗೆ ಸಂಘದ ಮಹಡಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಹಿಂಬದಿ ಖಾಲಿ ಇದ್ದರೆ ಒಳ್ಳೆಯದು. ಮಿನುಗು ಹಚ್ಚಿದ ಕಾಗದ ಬೇಡ, ಅದರ ಮೇಲೆ ಶಾಯಿ ನಿಲ್ಲುವುದಿಲ್ಲ.